ಹೊಗೆ ಖೋಲಿಯ ಒಂಬತ್ತನೆಯ ಹಾಡು

ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಮಣ್ಣಿಗಾಗಿ. ಬಾಗಿಲ ಸಂದಿಗೆ ಮೆತ್ತಲು ಕೆಂಪು ಮಣ್ಣೇ ಬೇಕು ಎಂದು ನನ್ನ ತಂಗಿ ನೀಲಾ, ಅಂಗಳದಲ್ಲಿ ಕಲಸಿಟ್ಟ ಕರಿ ಮಣ್ಣು ಸಾಕು ಎಂದು ಅವ್ವ.

"ಕರಿ ಮಣ್ಣು ಒಣಗಿದರ ಬಿರೀತದ ಯವ್ವಾ. ಬಿರದ ಸಂದ್ಯಾಗಿಂದ ರೋಡಿನ ಲಾರಿ ಸಪ್ಪಳ ಎಲ್ಲಾ ಒಳಗ ಬರ್ತದ."

"ಲಾರಿ ಸಪ್ಪಳ ಬರ್ತದಂತ! ನಿನ್ನ ಸಪ್ಪಳ ಕೇಳಿದರ ಲಾರಿನ ಹಾದಿ ಬಿಟ್ಟು ಹೊಲಕ್ಕ ಇಳೀತಾವ."

ಬೇವಿನ ಮರದ ಕೆಳಗೆ ಗಿಟಾರಿನ ತಂತಿ ಬಿಗಿಯುತ್ತ ಕುಳಿತಿದ್ದ, ನೀಲಾಳ ಹಾಡಿನ ತಂಡದ ಆಸಿಫ ನಕ್ಕ. "ಅವ್ವಾ, ಇವತ್ತ ಒಂದ ಹಾಡು ಉಳದದ. ಆಮ್ಯಾಲ ನಿಮ್ಮ ಖೋಲಿ ನಿಮಗ, ನಿಮ್ಮ ಬಾಳಿ ನಿಮಗ. ಕೆಂಪು ಮಣ್ಣು ಹಾಕಿಬಿಡ್ರಿ, ಝಗಡಾ ನಕ್ಕೋ."

ಕೊನೆಗೆ ಅವ್ವನೇ ಬುಟ್ಟಿ ಹಿಡಿದು ಹೋಗಿ ಬದುವಿನಿಂದ ಕೆಂಪು ಮಣ್ಣು ತಂದಳು. ಮಗಳನ್ನು ಬೈಯುತ್ತಲೇ ಕಲಸಿದಳು. ನಾನು ಎರಡು ರೊಟ್ಟಿ, ಪುಂಡಿಪಲ್ಯ ತಿಂದು ತೋಟದ ನೀರಿನ ಮೋಟರಿನ ಕಡೆ ಹೊರಟೆ. ನಮ್ಮ ಮನೆಯ ಸಾಧಾರಣ ದಿನಗಳಲ್ಲಿ ಅದು ಕೊನೆಯದು.

ಮೊನ್ನೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಆಟೋಕ್ಕೆ ಕಾಯುತ್ತ ನಿಂತಾಗ ಎಲ್ಲಿಂದಲೋ ಕುಳ್ಳಿನ ಹೊಗೆಯ ವಾಸನೆ ಬಂತು. ಯಾರೋ ಫುಟ್‌ಪಾತಿನ ಮೇಲೆ ನೀರು ಕಾಯಿಸುತ್ತಿದ್ದರು. ಹೊಗೆ ಮೂಗಿಗೆ ಬಡಿದದ್ದೇ ಆ ಬೇಸಿಗೆ ಪೂರಾ ಎದ್ದು ಬಂದು ಎದೆಗೆ ಒದ್ದಂತಾಯಿತು. ಅಲ್ಲೇ ಒಂದು ಲಾಡ್ಜಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬರೆದರೆ ಸ್ವಲ್ಪ ಹಗುರಾದೀತೇನೋ ಎಂದು ಬರೆಯುತ್ತಿದ್ದೇನೆ.

ನಮ್ಮದು ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ತೋಟದ ಮನೆಯ ಹಿಂದೆ, ರಸ್ತೆಗೆ ಬೆನ್ನು ಹಾಕಿದಂತೆ, ಗೊನೆ ಮಾಗಿಸುವ ಒಂದು ಕೋಣೆ ಇದೆ. ದಪ್ಪ ಕಲ್ಲಿನ ಗೋಡೆ, ಕಿಟಕಿ ಇಲ್ಲ, ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ. ಎರಡು ಕದಗಳ ಹಳೆಯ ಬಾಗಿಲು. ಚಿಲಕ ಹೊರಗೆ ಮಾತ್ರ, ಏಕೆಂದರೆ ಒಳಗೆ ಇರುವವು ಬಾಳೆಗೊನೆಗಳು. ಗೊನೆ ಒಟ್ಟಿ, ಮಡಕೆಯಲ್ಲಿ ಕುಳ್ಳು ಸುಟ್ಟು ಹೊಗೆ ಹಿಡಿಸಿ, ಕಿಂಡಿ ಮುಚ್ಚಿ, ಬಾಗಿಲು ಹಾಕಿ, ಕದಗಳ ನಡುವಿನ ಸಂದಿಗೂ ಚಿಲಕಕ್ಕೂ ಹಸಿ ಮಣ್ಣು ಮೆತ್ತುತ್ತೇವೆ. ಹೊಗೆ ಹೊರಗೆ ಬರಬಾರದು, ಗಾಳಿ ಒಳಗೆ ಹೋಗಬಾರದು. ನಾವು ಅದನ್ನು ಹೊಗೆ ಖೋಲಿ ಎನ್ನುತ್ತೇವೆ.

ಬಾಗಿಲು ಮೆತ್ತುವ ಮೊದಲು ಒಳಗೆ ಮುಖ ಹಾಕಿ "ಒಳಗ ಯಾರದೀರಿ?" ಎಂದು ಕೂಗುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಕತ್ತಲೆಯಲ್ಲಿ ಗೊನೆ ಜೋಡಿಸುವವರು ಹಿಂದೆ ಉಳಿದಿರಬಹುದು, ಕೂಸು ತೆವಳಿಕೊಂಡು ಹೋಗಿರಬಹುದು. ಕೂಗಬೇಕು, ಉತ್ತರ ಬಾರದೆ ಇರುವುದನ್ನು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಮಣ್ಣು. ಚಿಕ್ಕಂದಿನಿಂದ ಈ ಕೂಗು ನೀಲಾಳ ಪಾಲಿಗೆ ಬಂದಿತ್ತು. ನನ್ನ ದನಿ ಮೊದಲಿನಿಂದಲೂ ಸಣ್ಣದು. ಮುಂದೆ ಕುಳಿತವರಿಗೇ ಎರಡನೆಯ ಸಲ ಹೇಳಬೇಕಾಗುತ್ತದೆ. ಅವಳು ಕೂಗಿದರೆ ಕಲ್ಲಿನ ಗೋಡೆ ಆ ದನಿಯನ್ನು ಎತ್ತಿ ತಿರುಗಿ ಅವಳ ಮುಖಕ್ಕೇ ಎಸೆಯುತ್ತಿತ್ತು. ಲಂಗ ತೊಟ್ಟ ಹುಡುಗಿ ಆ ದನಿಗೆ ಇನ್ನೊಂದು ದನಿ ಕೊಡುತ್ತ ನಿಲ್ಲುತ್ತಿದ್ದಳು. ಮಣ್ಣು ಒಣಗುತ್ತದೆ ಬಾ ಎಂದು ಅಪ್ಪ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವಳು ಹಾಡು ಕಲಿತ ಶಾಲೆ ಅದೇ.

ಡಿಗ್ರಿಗೆ ನೀಲಾ ಕಲಬುರಗಿಗೆ ಹೋಗಿ ಕುಸನೂರಿನಲ್ಲಿ ಗೆಳತಿಯರೊಂದಿಗೆ ಖೋಲಿ ಮಾಡಿಕೊಂಡು ಇದ್ದಾಗ ಆಸಿಫನ ಪರಿಚಯವಾಯಿತು. ಕೋಟೆಯ ಹತ್ತಿರದ ಹುಡುಗ, ಸ್ಟೇಶನ್ ಬಜಾರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮೂರನೆಯವನು ಪ್ರಲ್ಹಾದ, ಬ್ಯಾಂಕಿನಲ್ಲಿ ಕಾರಕೂನ, ಮನೆಯಲ್ಲಿ ಮರಾಠಿ, ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುವ ಮನೆತನ; ಡ್ರಮ್ಮು, ಪಿಟೀಲು ಎಲ್ಲ ಕಂಪ್ಯೂಟರಿನಲ್ಲಿ ಕೂಡಿಸುವವನು ಅವನೇ. ಮೂವರೂ ಮಾಡುತ್ತಿದ್ದ ಸಂಗೀತಕ್ಕೆ ಸಿಂಫೋನಿಕ್ ಮೆಟಲ್ ಎನ್ನುತ್ತಾರೆ. ನಾನು ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು, ನನಗೆ ತಿಳಿದಷ್ಟು ಹೇಳುತ್ತೇನೆ. ಕೆಳಗೆ ಗಿಟಾರು ಜಲ್ಲಿ ಒಡೆಯುವ ಮಶೀನಿನಂತೆ ಒಂದೇ ಸಮನೆ ಕುಟ್ಟುತ್ತದೆ. ಡ್ರಮ್ಮು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಅದರ ಮೇಲೆ ಪಿಟೀಲುಗಳ ದಂಡು, ಗುಂಪಿನಲ್ಲಿ ಹಾಡುವವರ ದನಿ, ಮದುವೆ ಮೆರವಣಿಗೆಯೂ ಹೆಣದ ಮೆರವಣಿಗೆಯೂ ಒಂದೇ ಓಣಿಯಲ್ಲಿ ಎದುರಾದ ಹಾಗೆ. ಅದೆಲ್ಲದರ ನೆತ್ತಿಯ ಮೇಲೆ ಒಬ್ಬ ಹೆಣ್ಣುಮಗಳ ದನಿ. ಕೆಲವೊಮ್ಮೆ ಅದು ಮೇಲಕ್ಕೆ, ಮೇಲಕ್ಕೆ ಹೋಗುತ್ತದೆ. ಕೆಲವೊಮ್ಮೆ ಗಂಟಲು ಹರಿದು ಬರುವ ಚೀರಾಟವಾಗುತ್ತದೆ. ನೀಲಾ ಎರಡನ್ನೂ ಬಲ್ಲವಳು.

ಮೊದಲ ಆಲ್ಬಮ್ಮಿಗೆ ಪ್ರಲ್ಹಾದ ಹಣ ಕೊಟ್ಟು ಸ್ಟುಡಿಯೋ ಹಿಡಿಯೋಣ ಎಂದಿದ್ದ. ನೀಲಾ ಅವನನ್ನು ಬೈಕಿನ ಮೇಲೆ ಕರೆತಂದು ಹೊಗೆ ಖೋಲಿಯೊಳಗೆ ನಿಲ್ಲಿಸಿ ಒಮ್ಮೆ ಕೂಗಿದಳು. ಅವನು "ಅರೆ ಬಾಪರೆ!" ಎಂದು ಗೋಡೆ ಮುಟ್ಟಿ ನೋಡಿದ. ಮುಂದೆ ಎಲ್ಲ ಅಲ್ಲೇ ನಡೆಯಿತು. ಹಿಂದೆ ಗೊನೆ ಒಟ್ಟಿದಾಗ ದನಿ ಮೆತ್ತಗಾಗುತ್ತದೆ, ಖಾಲಿ ಇದ್ದಾಗ ಕಲ್ಲಾಗುತ್ತದೆ ಎಂದು ಅವರು ಹಾಡಿಗೆ ತಕ್ಕಂತೆ ನನ್ನ ಗೊನೆಗಳನ್ನು ಒಳಗೆ ಹೊರಗೆ ಮಾಡಿಸುತ್ತಿದ್ದರು. ಗುಂಪಿನ ದನಿಗೆ ತೋಟಕ್ಕೆ ಬರುವ ಹೆಣ್ಣಾಳುಗಳನ್ನು ನಿಲ್ಲಿಸಿ ತಲೆಗೊಂದು ಸ್ವರ ಹಂಚಿದರು. ತಿಂಗಳಾದ ಮೇಲೆ ಆ ಹಾಡು ಕೇಳಿಸಿದಾಗ ಅವರಲ್ಲಿ ಹಿರಿಯಳಾದ ಕಾಶಮ್ಮ ಕೈ ತಿರುವಿದಳು: "ಇದರಾಗ ನನ್ನ ದನಿ ಎಲ್ಲಿ ಅದವಾ? ಹೊಟ್ಟಿ ಹಿಡಕೊಂಡು ಒದರೀನಿ, ಎಲ್ಲಾ ಆ ಪಿಟೀಲು ನುಂಗ್ಯಾದ." ಆಲ್ಬಮ್ಮಿನ ಬಗ್ಗೆ ಬಂದ ಮೊದಲ ದೂರು ಅದು. ಪ್ರಲ್ಹಾದ ಮನೆಗೆ ಹೋಗಿ ಪಿಟೀಲಿನ ಸದ್ದು ಇಳಿಸಿದ.

ಆಲ್ಬಮ್ಮಿಗೆ "ಒಳಗ ಯಾರದೀರಿ" ಎಂದೇ ಹೆಸರಿಟ್ಟರು. ತಂಡದ ಹೆಸರು ಹೊಗೆ ಖೋಲಿ. ಎಂಟು ಹಾಡು ಮುಗಿದಿದ್ದವು. ಒಂಬತ್ತನೆಯದು ಆಲಿಕಲ್ಲಿನಿಂದ ಹುಟ್ಟಿತು.

ಆ ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿರುವಾಗಲೇ ಪಡುವಣದಿಂದ ಕಪ್ಪಾಗಿ ಬಂತು. ಮೊದಲು ಗಾಳಿ. ಆಮೇಲೆ ನಿಂಬೆಹಣ್ಣಿನಂಥ ಆಲಿಕಲ್ಲು. ಬಾಳೆಯ ಎಲೆ ಅರಿವೆ ಹರಿದಂತೆ ಪರಪರ ಹರಿಯಿತು. ಗೊನೆ ಹೊತ್ತ ಗಿಡಗಳು ನಡು ಮುರಿದು ಒಂದರ ಮೇಲೊಂದು ಬಿದ್ದವು. ಹಿತ್ತಲಲ್ಲಿ ಕೋಳಿಗಳು ಸತ್ತವು. ಆಲಿಕಲ್ಲು ನಿಂತ ಮೇಲೆ ತೋಟಕ್ಕೆ ಇಳಿದರೆ ಪಾದಕ್ಕೆ ಮಂಜು ಕಚ್ಚುತ್ತಿತ್ತು, ಕಾಂಡಗಳಿಂದ ರಸ ಸುರಿಯುತ್ತಿತ್ತು. ಬಾಳೆಯ ರಸ ಅರಿವೆಗೆ ಹತ್ತಿದರೆ ಒಣಗಿದ ರಕ್ತದ ಬಣ್ಣ, ತೊಳೆದರೆ ಹೋಗುವುದಿಲ್ಲ. ನಾನು ಕುಡಗೋಲು ಹಿಡಿದು ಅರೆಜೀವದ ಗಿಡಗಳನ್ನು ಕಡಿಯುತ್ತ ಹೋದೆ. ನೀಲಾ ನನ್ನ ಹಿಂದೆ ಬರುತ್ತ ಒಂದೊಂದು ಗಿಡವನ್ನೂ ಮುಟ್ಟಿದಳು.

"ಅಣ್ಣಾ, ಇವು ಒದರಿದ್ರ ಹೆಂಗ ಒದರತಿದ್ವು?"

"ಬಾಳಿಗಿಡಕ್ಕ ಬಾಯಿ ಎಲ್ಲಿ ಅದ?"

"ನನಗ ಅದಲ್ಲಾ," ಎಂದಳು.

ಒಂಬತ್ತನೆಯ ಹಾಡಿನಲ್ಲಿ ಮಾತು ಕಡಿಮೆ. ಕಡಿಸಿಕೊಳ್ಳುವ ಗಿಡದ ಚೀರಾಟವೇ ಹೆಚ್ಚು. ವಾದ್ಯವೆಲ್ಲ ಮೊದಲೇ ಕೂಡಿಸಿ ಇಟ್ಟಿದ್ದರು. ದನಿಯೊಂದು ಬಾಕಿ. ಆ ಹಾಡಿಗಾಗಿಯೇ ಆಲ್ಬಮ್ ಎನ್ನುತ್ತಿದ್ದಳು ನೀಲಾ. "ಬಾಕಿ ಎಂಟೂ ಬರೇ ಇದಕ್ಕ ತಯಾರಿ ಅಣ್ಣಾ. ಇದ ಖರೇ ಹಾಡು."

ದನಿ ಹಿಡಿಯುವ ರೀತಿ ಹೀಗೆ: ವಾದ್ಯದ ಸದ್ದು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮಾತ್ರ. ಕೋಣೆಯಲ್ಲಿ ಗಿಟಾರಿಲ್ಲ, ಡ್ರಮ್ಮಿಲ್ಲ, ಬರೀ ಅವಳ ಬಾಯಿಂದ ಬಂದದ್ದು ಮಾತ್ರ. ಹೊರಗಿನವರಿಗೆ ಕೇಳುವುದೂ ಅಷ್ಟೇ. ಅವಳು ಬಾಗಿಲಿಗೆ ಮುಖ ಮಾಡಿ, ಕದಗಳಿಗೆ ಬಹಳ ಹತ್ತಿರ ನಿಂತು ಹಾಡುತ್ತಿದ್ದಳು. ಮರಕ್ಕೆ ಬಡಿದು ಬರುವ ದನಿ ಕಲ್ಲಿನದಕ್ಕಿಂತ ಬೆಚ್ಚಗಿರುತ್ತದಂತೆ. ಮಣ್ಣಿಗಾಗಿ ಜಗಳವಾದ ದಿನವೂ ಹಾಗೇ ನಿಂತಿದ್ದಳು. ಆಸಿಫ, ಪ್ರಲ್ಹಾದ ಹಿಂದೆ ಗೊನೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದರು. ಅವ್ವ ಹೊರಗಿನಿಂದ ಚಿಲಕ ಹಾಕಿ ಕೆಂಪು ಮಣ್ಣು ಮೆತ್ತಿದಳು. ಒಳಗಿನಿಂದ ತಟ್ಟಿದಾಗ ಕೆರೆದು ತೆಗೆಯಲು ಅವಳೇ ಬಾಗಿಲ ಮುಂದೆ ಕೂಡುವ ರೂಢಿ. ಆ ದಿನ ತೋಟದ ಆ ತುದಿಯಲ್ಲಿದ್ದ ಹೆಣ್ಣಾಳುಗಳಿಗೆ ಬುತ್ತಿ ಕೊಟ್ಟು ಬರುತ್ತೇನೆಂದು ಎದ್ದು ಹೋದಳು. ಮಣ್ಣು ಬಿಸಿಲಿಗೆ ಅಷ್ಟರಲ್ಲೇ ಗಟ್ಟಿಯಾಗಿತ್ತು.

ರಸ್ತೆಯಲ್ಲಿ ಮದುವೆ ಮುಗಿಸಿ ಬರುತ್ತಿದ್ದ ಒಂದು ಕ್ರೂಸರ್ ಗಾಡಿ ನಿಂತಿತು. ಇಂಜಿನ್ ಕಾದಿತ್ತು, ನೀರು ಬೇಕಿತ್ತು. ಗಾಡಿಯಲ್ಲಿ ಇದ್ದವರು ಹೆಚ್ಚಾಗಿ ಹರೆಯದವರು, ಹೆಗಲ ಮೇಲೆ ಮದುವೆಯ ಟವೆಲ್ಲು, ಹಣೆಗೆ ಇನ್ನೂ ಅಕ್ಷತೆ ಅಂಟಿತ್ತು. ಗಾಡಿ ನಡೆಸುವವನು ಈರಣ್ಣ. ಕೊಡ ಹಿಡಿದು ನಮ್ಮ ಮನೆಯ ಹಿಂದಕ್ಕೆ ಬಂದವನೂ ಅವನೇ.

ಅವನು ಕಂಡದ್ದು ಇಷ್ಟು: ಕಿಟಕಿಯಿಲ್ಲದ ಒಂದು ಕೋಣೆ. ಹೊರಗಿನಿಂದ ಮುಚ್ಚಿದ ಬಾಗಿಲು, ಅದಕ್ಕೆ ಹೊಸ ಮಣ್ಣು. ಅಂಗಳದಲ್ಲಿ ಯಾರೂ ಇಲ್ಲ. ಒಳಗೆ ಒಬ್ಬ ಹೆಣ್ಣುಮಗಳು ಕಡಿಸಿಕೊಳ್ಳುವವಳಂತೆ ಚೀರುತ್ತಿದ್ದಾಳೆ.

ನಾನು ಮೋಟರಿನ ಹತ್ತಿರ ಇದ್ದೆ. ಮೊದಲು ಓಡುವ ಕಾಲುಗಳ ಸದ್ದು. ಆಮೇಲೆ "ಹುಡುಗಿನ ಹುಗದಾರಲೇ! ಜೀವಂತ ಹುಗದಾರ!" ಎಂಬ ಕೂಗು. ನಾನು ಓಡಿದೆ. ನಮ್ಮದೇ ಹಾರೆ ಗೋಡೆಗೆ ಒರಗಿತ್ತು, ಬಾಳೆಯ ಬುಡ ಕೀಳುವ ಹಾರೆ. ಅದು ಈರಣ್ಣನ ಕೈಯಲ್ಲಿತ್ತು. "ಅದು ಹಾಡು! ಹಾಡ್ರೀ ಅದು!" ಎಂದು ನಾನು ಒದರಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಮೈಯ ಭಾರವನ್ನೆಲ್ಲ ಹಾಕಿ, ಕದಗಳ ನಡುವಿನ ಮಣ್ಣಿನ ಗೆರೆಗೆ ಹಾರೆ ಹೆಟ್ಟಿದ. ಅಲ್ಲಿ ಮರ ಇರಲಿಲ್ಲ, ಮಣ್ಣಷ್ಟೇ ಇತ್ತು. ಹಾರೆ ನಿಲ್ಲದೆ ಒಳಗೆ ಹೋಯಿತು.

ಚೀರಾಟ ನಿಂತಿತು.

"ಸುಮ್ಮನಾದಳು, ಕೊಂದರು!" ಎಂದು ಯಾರೋ ಅಂದರು. ಕದ ಮುರಿದು ಒಳಗೆ ನುಗ್ಗಿದವರು ಕಂಡದ್ದು ಕುತ್ತಿಗೆ ಹಿಡಿದು ಬಿದ್ದ ಹುಡುಗಿ, ನೆಲದ ತುಂಬ ರಕ್ತ, ಹಿಂದೆ ಇಬ್ಬರು ಗಂಡಸರು. ಇನ್ನೇನು ಕೇಳುತ್ತಾರೆ? ಆಸಿಫನ ತಲೆಗೂದಲು ಹಿಡಿದು ಹೊರಗೆ ಎಳೆದರು. ಹೆಸರು ಕೇಳಿದರು. ಅವನು ಹೆಸರು ಹೇಳಿದ. ಆಮೇಲೆ ಹೊಡೆತ ಇನ್ನೂ ಜೋರಾಯಿತು. ಅವನ ಎಡಗೈಯನ್ನು ಕಲ್ಲಿನ ಮೇಲೆ ಇಟ್ಟು ಬೂಟುಗಾಲಿನಿಂದ ತುಳಿದದ್ದನ್ನು ನಾನು ಕಣ್ಣಾರೆ ಕಂಡೆ. ಪ್ರಲ್ಹಾದ ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಬೇಡಿಕೊಂಡ. ಅವನ ಕನ್ನಡಕ ಮುಖದಲ್ಲೇ ಒಡೆಯಿತು. ಲ್ಯಾಪ್‌ಟಾಪನ್ನು ಗೋಡೆಗೆ ಅಪ್ಪಳಿಸಿದರು. ಆ ದಿನ ಹಿಡಿದ ದನಿ ಅದರಲ್ಲೇ ಇತ್ತು, ಅದರಲ್ಲೇ ಹೋಯಿತು. ನಾನು ನಡುವೆ ನುಗ್ಗಿದೆ. "ಇಂವನೂ ಅವರವನ!" ಎಂದು ಬೆನ್ನಿಗೆ, ಪಕ್ಕೆಗೆ ಬಡಿದರು. ನೆಲಕ್ಕೆ ಬಿದ್ದಾಗ ನನ್ನ ಕಣ್ಣಿಗೆ ಕಂಡದ್ದು ನೀಲಾಳ ಪಾದ. ಹೆಬ್ಬೆರಳು ಅಲುಗುತ್ತಿತ್ತು.

ಅವ್ವ ಬುತ್ತಿಯ ಬುಟ್ಟಿ ಬಿಸಾಕಿ ಓಡಿ ಬಂದಳು. ಅವಳ ಒಂದೇ ಮಾತಿಗೆ ಎಲ್ಲರ ಕೈ ನಿಂತಿತು. "ನನ್ನ ಮಗಳು ಹಾಡಾಕತ್ತಿದ್ಲೋ ಎಪ್ಪಾ! ನಾನ ಮೆತ್ತೀನಿ ಮಣ್ಣು!" ಎಂದು ಕೆಂಪು ಮಣ್ಣಿನ ಅಂಗೈ ಎರಡನ್ನೂ ಅವರ ಮುಖಕ್ಕೆ ಹಿಡಿದಳು.

ನೀಲಾಳನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ದದ್ದು ಅದೇ ಕ್ರೂಸರ್ ಗಾಡಿ. ನಡೆಸಿದವನು ಈರಣ್ಣ. ದಾರಿಯುದ್ದಕ್ಕೂ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಅವಳನ್ನು ಒಳಗೆ ಒಯ್ದ ಮೇಲೆ ಗಾಡಿ ಅಲ್ಲೇ ಬಿಟ್ಟು ತಾನೇ ನಡೆದು ಠಾಣೆಗೆ ಹೋದ.

ಜೀವ ಉಳಿಯಿತು. ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಉಸಿರಿಗೆ ನಳಿಗೆ ಹಾಕಿದ್ದರು. "ದನಿ ಬರ್ತದೇನ್ರೀ?" ಎಂದು ಅವ್ವ ಕೇಳಿದ್ದಕ್ಕೆ ಡಾಕ್ಟರು, "ಈಗ ಹೇಳಾಕ ಬರೂದಿಲ್ಲವಾ. ಗಾಯ ಮಾಯಲಿ, ಮತ್ತೊಂದು ಆಪರೇಶನ್ ಮಾಡಿ ನೋಡೂಣು. ಆಸೆ ಬಿಡಬ್ಯಾಡ್ರಿ," ಎಂದರು. ನಾವು ಬಿಡಲಿಲ್ಲ. ಆ ಬೇಸಿಗೆಯೆಲ್ಲ ನಾವು ಬದುಕಿದ್ದು ಆ ಒಂದು ಮಾತಿನ ಮೇಲೆ.

ಆಲ್ಬಮ್ ಬಿಡುಗಡೆಯ ದಿನ ಮೊದಲೇ ನಿಗದಿಯಾಗಿತ್ತು. ಎಂಟು ಹಾಡು ಪ್ರಲ್ಹಾದನ ಮನೆಯ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದ್ದವು, ಒಂಬತ್ತನೆಯದರ ವಾದ್ಯವೂ ಇತ್ತು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದ ಆಸಿಫ ಮಂಚದ ಹತ್ತಿರ ನಿಂತು ನೆಲ ನೋಡುತ್ತ ಹೇಳಿದ: "ಹೈದರಾಬಾದಿನಾಗ ಒಬ್ಬಾಕಿ ಅದಾಳ. ಚಲೋ ಹಾಡ್ತಾಳ. ಒಂಬತ್ತನೇದು ಆಕಿ ಕಡಿಂದ..." ನೀಲಾ ಮಂಚದ ಕಬ್ಬಿಣದ ಪಟ್ಟಿಗೆ ಮುಷ್ಟಿಯಿಂದ ಗುದ್ದಿದಳು. ಸಲೈನ್ ಸೂಜಿ ಕಿತ್ತು ರಕ್ತ ಬಂತು. ನರ್ಸು ಬಂದು ಎಲ್ಲರನ್ನೂ ಬೈದಳು. ಸೂಜಿ ತಿರುಗಿ ಹಾಕಿದ ಮೇಲೆ ನೀಲಾ ನನ್ನ ಮೊಬೈಲ್ ಕೇಳಿ ಒಂದೊಂದೇ ಅಕ್ಷರ ಒತ್ತಿದಳು. "ಬ್ಯಾರೆದವರ ದನಿ ಬ್ಯಾಡ. ಖಾಲಿ ಬಿಡ್ರಿ. ಆರಾಮಾದ ಮ್ಯಾಲ ನಾ ಹಾಡ್ತೀನಿ."

ಹಾಗೇ ಖಾಲಿ ಬಿಟ್ಟು ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಹಾಕಿದರು. ಏನಾಯಿತೆಂದು ಎಲ್ಲಿಯೂ ಹಾಕಬಾರದು ಎಂದೂ ಅವಳೇ ಹೇಳಿದಳು. ಮರುಕಪಟ್ಟು ಯಾರೂ ಹಾಡು ಕೇಳುವುದು ಬೇಡ.

ಜನರ ಅಭಿಪ್ರಾಯಗಳು ಬರತೊಡಗಿದವು. ಅವಳ ಕಣ್ಣು ಬೇಗ ಸೋಲುತ್ತಿದ್ದವು, ಓದುವ ಕೆಲಸ ನನಗೆ ಬಂತು. ಇಡೀ ವಾರ್ಡಿನಲ್ಲಿ ಎಲ್ಲರಿಗಿಂತ ಸಣ್ಣ ದನಿಯ ನಾನು ದಿನಾ ಅವಳ ಕಿವಿಯ ಹತ್ತಿರ ಕುಳಿತು ಓದುತ್ತಿದ್ದೆ. ಒಳ್ಳೆಯ ಅಭಿಪ್ರಾಯಕ್ಕೆ ಅವಳು ಮುಷ್ಟಿ ಎತ್ತುತ್ತಿದ್ದಳು, ಕೆಲಸಕ್ಕೆ ಬಾರದ್ದಕ್ಕೆ ಕಿರುಬೆರಳು.

"ಹುಡುಗಿಯ ದನಿ ಸಿಡಿಲು. ಆದರೆ ಪಿಟೀಲು ಬಂದಾಗ ಗಿಟಾರು ಎಲ್ಲಿ ಓಡಿಹೋಗುತ್ತದೆ?" ಮುಷ್ಟಿ. ಆಸಿಫ ಮುಖ ಗಂಟಿಕ್ಕಿದ.

"ಡ್ರಮ್ಮು ಪ್ಲಾಸ್ಟಿಕ್ ಬಕೆಟ್ ಬಡಿದಂತಿದೆ." ಇದಕ್ಕೂ ಮುಷ್ಟಿ. "ಅಗ, ನೀನೂ ಹಂಗ ಅಂತಿ?" ಎಂದು ಪ್ರಲ್ಹಾದ ನೊಂದುಕೊಂಡ. ನಳಿಗೆಯಲ್ಲಿ ಸುಯ್ಯೆಂದು ಗಾಳಿ ಬಂತು. ಅದು ನಗು ಎಂದು ಕಲಿಯಲು ನನಗೆ ಎರಡು ದಿನ ಬೇಕಾಯಿತು.

"ಹೆಣ್ಣುಮಕ್ಕಳು ಭಾವಗೀತೆ ಹಾಡಿದರೆ ಚಂದ." ಕಿರುಬೆರಳು.

"ದೆವ್ವ ಹೊಕ್ಕದ. ಬೇವಿನ ಸೊಪ್ಪಿಲೆ ಬಡೀರಿ, ಇಳೀತದ." ನಾನು ಇದನ್ನು ಓದದೆ ದಾಟಿಸಲು ನೋಡಿದೆ. ಅವಳು ನನ್ನ ಮೊಣಕೈ ಚಿವುಟಿದಳು. ಓದಿದೆ. ಮುಷ್ಟಿಯೂ ಇಲ್ಲ, ಬೆರಳೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

ಯಾವುದೋ ದೂರದೇಶದವನು ಮಶೀನಿನಿಂದ ಕನ್ನಡ ಮಾಡಿಸಿ ಬರೆದಿದ್ದ: "ನಾನು ಹಣ್ಣಿನ ಬಗ್ಗೆ ಇಷ್ಟು ಕೋಪವನ್ನು ಮುಂಚೆ ಭೇಟಿಯಾಗಿಲ್ಲ. ಆರಂಭದ ಯುದ್ಧದ ಕೂಗು ಯಾವ ರಾಜನದು?" ಆ ಕೂಗು "ಒಳಗ ಯಾರದೀರಿ?" ಎಂಬುದು. ಅವ್ವನಿಗೆ ಹೇಳಿದಾಗ, "ನಿಮ್ಮಜ್ಜಂದು ಅಂತ ಬರೀ," ಎಂದಳು. ಬರೆದೆ. ಅವನು ಕೈ ಮುಗಿದ ಚಿತ್ರ ಕಳಿಸಿದ.

ಮೂರನೆಯ ಹಾಡಿನ ಏರುದನಿ ಅವಳದಲ್ಲ, ಕಂಪ್ಯೂಟರಿನಿಂದ ಎತ್ತಿದ್ದು ಎಂದು ಒಬ್ಬ ಉದ್ದಕ್ಕೆ ವಾದ ಮಾಡಿದ್ದ. ಅದನ್ನು ಓದುತ್ತಿರುವಾಗ ನೀಲಾ ಎದ್ದು ಕೂಡಲು ಒದ್ದಾಡಿದಳು. ಬಾಯಿ ತೆರೆದಳು. ಆ ಸ್ವರ ಹಾಡಿ ತೋರಿಸಲು ಹೊರಟಿದ್ದಳು. ಕುತ್ತಿಗೆಯ ನರ ಉಬ್ಬಿದವು, ನಳಿಗೆಯಿಂದ ಬರೀ ಗಾಳಿ, ಗಾಳಿಯ ಜೊತೆ ರಕ್ತದ ಹನಿ. ನಾನೂ ಆಸಿಫನೂ ಅವಳ ಭುಜ ಹಿಡಿದು ಮಲಗಿಸಿದೆವು. ಅವಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಒಂಬತ್ತನೆಯ ಹಾಡಿನ ಬಗ್ಗೆ ಬಂದವು ಎಲ್ಲಕ್ಕಿಂತ ಹೆಚ್ಚು. "ಹಾಡುವವಳನ್ನೇ ತೆಗೆದು ಹಾಕಿದ್ದಾರೆ, ಇದು ಧೈರ್ಯ." "ಸೋಮಾರಿತನ." "ದನಿ ಬರುತ್ತದೆ ಬರುತ್ತದೆ ಎಂದು ಕಾಯಿಸಿ ಕಾಯಿಸಿ ಕೊಂದರು." "ಮಧ್ಯದಲ್ಲಿ ವಾದ್ಯಗಳು ಯಾರಿಗೋ ಜಾಗ ಬಿಟ್ಟು ನಿಂತ ಹಾಗಿದೆ." ಈ ಕೊನೆಯದಕ್ಕೆ ಅವಳು ಎರಡೂ ಮುಷ್ಟಿ ಎತ್ತಿದಳು.

ಈರಣ್ಣ ಜಾಮೀನಿನ ಮೇಲೆ ಹೊರಬಂದವನು ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದ. ಆಸಿಫ ಅವನನ್ನು ಕಂಡವನೇ ಎದ್ದು, ಪ್ಲಾಸ್ಟರ್ ಹಾಕಿದ ಕೈಯಿಂದಲೇ ಅವನ ಮುಖಕ್ಕೆ ಬೀಸಿದ. ಈರಣ್ಣನ ತುಟಿ ಒಡೆಯಿತು. ಅವನು ಕೈ ಎತ್ತಲಿಲ್ಲ.

"ಹೊಡಿ ತಮ್ಮಾ. ನಾ ನಿನ್ನ ಮುಟ್ಟಿಲ್ಲ. ಆದರ ಹಾರಿ ನಂದ," ಎಂದ. ಆಮೇಲೆ ಅವಳ ಕಡೆ ನೋಡಿದ. "ತಂಗೀ, ನಿನ್ನ ಉಳಿಸಾಕ ಬಂದಿದ್ನವಾ."

ಹೊರಗೆ ಕಳಿಸಬೇಕೆಂದು ನಾನು ಎದ್ದೆ. ನೀಲಾ ನನ್ನ ಅಂಗಿ ಹಿಡಿದು ಕೂಡಿಸಿದಳು. ಮೊಬೈಲಿನಲ್ಲಿ ಒಂಬತ್ತನೆಯ ಹಾಡು ಹಚ್ಚಿ, ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಅವನ ಕಡೆ ಚಾಚಿದಳು. ಅವನು ಹೆದರಿ ನನ್ನ ಮುಖ ನೋಡಿದ. ಮಂಚದ ಪಕ್ಕ ಮೊಣಕಾಲೂರಿ ಅದನ್ನು ಕಿವಿಗೆ ಇಟ್ಟುಕೊಂಡ. ತುಟಿಯ ರಕ್ತ ಗದ್ದಕ್ಕೆ ಇಳಿಯುತ್ತಿತ್ತು.

ಏನೂ ತಿಳಿಯುತ್ತಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಒಮ್ಮೆಲೇ, ಆ ದಿನ ಕೇಳಿದ ಏರಿಳಿತದ ಗುರುತು ವಾದ್ಯದಲ್ಲಿ ಸಿಕ್ಕವನಂತೆ, ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದ.

"ಇಲ್ಲಿ," ಎಂದ. "ಇಲ್ಲಿ ಒದರಿದ್ದಿ ನೋಡು. ಈ ಢಂ ಢಂ ಆದ ಮ್ಯಾಲ. ಒಮ್ಮೆ ಕೆಳಗ ಹೋಗಿ, ಅಲ್ಲಿಂದ ಒಮ್ಮೆಲೆ ಮ್ಯಾಲ... ಅದನ್ನ ಕೇಳಿ ನಾ ಹಾರಿ ಹಿಡದೆ. ಹೌದಿಲ್ಲೋ?"

ನೀಲಾ ಅವನನ್ನೇ ನೋಡುತ್ತಿದ್ದಳು. ಹೌದು ಎಂದು ಕಣ್ಣು ಮುಚ್ಚಿ ತೆರೆದಳು. ಆ ಹಾಡನ್ನು ಜನ ಕೇಳಿದ್ದು ದನಿಯಿಲ್ಲದ ವಾದ್ಯವಾಗಿ. ಇವನು ಕೇಳಿದ್ದು ವಾದ್ಯವಿಲ್ಲದ ದನಿಯನ್ನು.

ಅವಳು ಮೊಬೈಲಿನಲ್ಲಿ ಒತ್ತಿದ್ದನ್ನು ನಾನು ಅವನಿಗೆ ಓದಿ ಹೇಳಿದೆ: "ಹೆಂಗಿತ್ತು?"

ಅವನು ಅಳುತ್ತಿದ್ದ. "ನನಗ ಹಾಡು ಪಾಡು ತಿಳಿಯಂಗಿಲ್ಲ ತಂಗಿ. ಖರೇನ ಯಾರನೋ ಕಡ್ಯಾಕತ್ತಾರಂತ ಅನಸ್ತು. ನನ್ನ ಎದಿ ಒಡದಂಗಾತು. ಅಷ್ಟ."

ನೀಲಾ ಮುಷ್ಟಿ ಎತ್ತಿದಳು. ಬಹಳ ಮೇಲಕ್ಕೆ ಎತ್ತಿದಳು, ತೋಳು ನಡುಗುವವರೆಗೂ ಇಳಿಸಲಿಲ್ಲ. ಆಲ್ಬಮ್ಮಿಗೆ ಬಂದ ಅಭಿಪ್ರಾಯಗಳಲ್ಲಿ ಅವಳು ಪೂರಾ ಒಪ್ಪಿಕೊಂಡದ್ದು ಅದೊಂದೇ ಎಂದು ಆಸಿಫ ಆಮೇಲೆ ಹೇಳಿದ. ಹೇಳುವಾಗಲೂ ಹಲ್ಲು ಕಡಿಯುತ್ತಿದ್ದ.

ಎರಡನೆಯ ಆಪರೇಶನ್ನಿಗೆ ದಿನ ಗೊತ್ತುಮಾಡಿದ ಮೇಲೆ ಜ್ವರ ಬಂತು. ನಂಜು ಎದೆಗೆ ಇಳಿದಿತ್ತು. ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಅವಳು ಒಂದು ವಾರ ಉಸಿರಿಗಾಗಿ ಹೊಡೆದಾಡಿದಳು. ಹೊಡೆದಾಟ ಎಂಬ ಮಾತನ್ನು ತಿಳಿದೇ ಬರೆಯುತ್ತಿದ್ದೇನೆ. ಹಾಸಿಗೆ ಹರಿದಳು, ಅವ್ವನ ಸೆರಗು ಸೀಳಿದಳು, ನನ್ನ ಮುಂಗೈಯಲ್ಲಿ ಅವಳ ಉಗುರಿನ ಗುರುತು ಇನ್ನೂ ಇದೆ. ಮೊದಲ ಮಳೆ ಬಿದ್ದ ಬೆಳಿಗ್ಗೆ ಕೈ ಸಡಿಲಾಯಿತು. ಕಮಲಾಪುರಕ್ಕೆ ತಂದು ತೋಟದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಕುಣಿ ಮುಚ್ಚುವ ಮುಂಚೆ ಅವ್ವ ಬಗ್ಗಿ ಒಳಗೆ ನೋಡಿದಳು. ಏನಾದರೂ ಕೂಗುತ್ತಾಳೆಂದು ನಾವೆಲ್ಲ ಕಾದೆವು. ಕೂಗಲಿಲ್ಲ. ಒಂದು ಹಿಡಿ ಕೆಂಪು ಮಣ್ಣು ಹಾಕಿದಳು.

ಕೋರ್ಟಿನಲ್ಲಿ ಕೇಸು ನಡೆದಿದೆ. ತಾರೀಕು ಇದ್ದಾಗ ಕಲಬುರಗಿಗೆ ಹೋಗುತ್ತೇನೆ. ಮೊನ್ನೆ ಸ್ಟೇಶನ್ ಬಜಾರದಲ್ಲಿ ಇದ್ದದ್ದೂ ಅದಕ್ಕೇ. ಆಸಿಫನ ಎರಡು ಬೆರಳು ಈಗ ಮಡಚುವುದಿಲ್ಲ, ಗಿಟಾರನ್ನು ಬಲಗೈ ಎಡಗೈ ಬದಲಿಸಿ ಮೊದಲಿನಿಂದ ಕಲಿಯುತ್ತಿದ್ದಾನೆ. ಆಸಿಫನನ್ನು ತುಳಿದವನು ನಮ್ಮ ಮುಖ ನೋಡುವುದಿಲ್ಲ. ಈರಣ್ಣ ನೋಡುತ್ತಾನೆ. ಹೋದ ತಾರೀಕಿಗೆ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕುಳಿತು, "ಅಣ್ಣಾರ, ಕಿವ್ಯಾಗಿಂದ ಹೋಗವಲ್ತರೀ ಅದು," ಎಂದ. ಅವನನ್ನು ಹೊಡೆಯಬೇಕೆನಿಸಿತು. ಅದು ಹೇಗೆ ಶುರುವಾಗುತ್ತಿತ್ತು, ಇನ್ನೊಮ್ಮೆ ಹೇಳು ಎಂದು ಕೇಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಒಳಗಿನಿಂದ ನಮ್ಮ ಹೆಸರು ಕೂಗಿದರು.

ಹೊಗೆ ಖೋಲಿಗೆ ಹೊಸ ಬಾಗಿಲು ಹಾಕಿಸಿದ್ದೇನೆ, ಚಿಲಕ ಒಳಗೂ ಇದೆ. ಮಣ್ಣು ಮೆತ್ತುವ ಮೊದಲು ಈಗ ನಾನೇ ಕೂಗುತ್ತೇನೆ. ನನ್ನ ದನಿ ಗೋಡೆಯವರೆಗೆ ಹೋಗುವುದಿಲ್ಲ. ಕಾಶಮ್ಮ, "ಜೋರು ಒದರಪಾ, ನಿನಗ ಯಾರು ಓ ಅಂದಾರು?" ಎಂದು ಬೈದು ತಾನೊಮ್ಮೆ ಕೂಗುತ್ತಾಳೆ.

ಅಭಿಪ್ರಾಯಗಳು ಇನ್ನೂ ಬರುತ್ತವೆ. ಎರಡನೆಯ ಆಲ್ಬಮ್ ಯಾವಾಗ ಎಂದು ಕೇಳುತ್ತಾರೆ. ನಿನ್ನೆ ಒಬ್ಬರು ಒಂಬತ್ತನೆಯ ಹಾಡಿನ ಕೆಳಗೆ ಬರೆದಿದ್ದಾರೆ: "ಎಷ್ಟು ಸಲ ಕೇಳಿದರೂ ಆ ಡ್ರಮ್ಮು ನಿಂತ ಕೂಡಲೇ ಅವಳು ಬರುತ್ತಾಳೆ ಅನಿಸುತ್ತದೆ. ದನಿಯಿರುವ ಹಾಡು ನಿಮ್ಮ ಬಳಿ ಇದೆಯೇ?"

ನಮ್ಮ ಬಳಿ ಇಲ್ಲ.